‘ಹೆಲ್ತ್ ಡ್ರಿಂಕ್’ ಹೆಸರು ಹೋಯಿತು, ಡಬ್ಬಿ ಉಳಿಯಿತು: ಒಂದು ಪ್ರಕರಣ ಅಧ್ಯಯನ

ಯಾವುದು ನಿಜವಾದ ಆಹಾರ, ಯಾವುದು ಫ್ಯಾಕ್ಟರಿಯಲ್ಲಿ ಜೋಡಿಸಿದ ತಿನಿಸು ಅಂತ ಗುರುತು ಹಿಡಿಯೋದು ಹೇಗೆ? ಹೀಗೆ ಕೇಳುವವರಿಗೆ ನಾನು ಈ ಒಂದು ಪ್ರಕರಣವನ್ನು ತೋರಿಸುತ್ತೇನೆ. ಚಿಪ್ಸ್, ಕೋಲಾ ವಿಷಯದಲ್ಲಿ ಯಾರಿಗೂ ಗೊಂದಲ ಇಲ್ಲ. ತಿಂತೀವಿ, ಆದರೆ ಒಳ್ಳೇದಲ್ಲ ಅಂತ ಗೊತ್ತಿದ್ದೇ ತಿಂತೀವಿ. ಗೊಂದಲ ಇರೋದು ಒಳ್ಳೇದು ಅಂತ ನಂಬಿ, ದುಡ್ಡು ಕೊಟ್ಟು ತಂದು, ಮಕ್ಕಳ ಹಿಂದೆ ಬಿದ್ದು ಕುಡಿಸುವ ಪದಾರ್ಥಗಳಲ್ಲಿ. ಆ ಸಾಲಿನಲ್ಲಿ ಮೊದಲು ನಿಲ್ಲೋದು ಹಾಲಿಗೆ ಬೆರೆಸುವ, ಬೋರ್ನ್‌ವಿಟಾ, ಹಾರ್ಲಿಕ್ಸ್ ಥರದ ಮಾಲ್ಟ್ ಪುಡಿ.

ನಡೆದದ್ದು ಇಷ್ಟು. 2023ರ ಏಪ್ರಿಲ್ ಮೊದಲ ದಿನಗಳಲ್ಲಿ ಇನ್‌ಸ್ಟಾಗ್ರಾಂನಲ್ಲಿ ಒಂದು ಚಿಕ್ಕ ವಿಡಿಯೊ ಬಂತು. ಮಾಡಿದವರು ರೇವಂತ್ ಹಿಮತ್‌ಸಿಂಗ್ಕಾ, ಫುಡ್ ಫಾರ್ಮರ್ ಅನ್ನೋ ಹೆಸರಲ್ಲಿ ಪ್ಯಾಕೆಟ್ ಲೇಬಲ್ ಓದಿ ಹೇಳುವವರು. ಬೋರ್ನ್‌ವಿಟಾದ ನೂರು ಗ್ರಾಂ ಪುಡಿಯಲ್ಲಿ ಹತ್ತಿರ ಹತ್ತಿರ ಅರ್ಧ ಸಕ್ಕರೆನೇ ಇದೆ, ಇದನ್ನು ಆರೋಗ್ಯದ ಹೆಸರಲ್ಲಿ ಮಾರೋದು ಹೇಗೆ ಅಂತ ಕೇಳಿದರು. ಜೊತೆಗೆ ಅದರಲ್ಲಿರುವ ಬಣ್ಣ ಕ್ಯಾನ್ಸರ್‌ಗೆ ಕಾರಣ ಆಗಬಹುದು ಅಂತಲೂ ಹೇಳಿದರು. ಒಂದು ಕೋಟಿಗೂ ಜಾಸ್ತಿ ಸಲ ಜನ ಅದನ್ನು ನೋಡಿದರು. ಕಂಪನಿ ಕಡೆಯಿಂದ ಲೀಗಲ್ ನೋಟಿಸ್ ಬಂತು. ಏಪ್ರಿಲ್ ಮಧ್ಯದ ಹೊತ್ತಿಗೆ ಅವರು ವಿಡಿಯೊ ತೆಗೆದು, ಕ್ಷಮೆ ಕೇಳಿ ಸುಮ್ಮನಾದರು. ಆದರೆ ಅಷ್ಟರಲ್ಲಿ ವಾಟ್ಸಾಪ್ ಗುಂಪುಗಳಲ್ಲಿ ಅದು ಎಲ್ಲೆಲ್ಲೋ ಹೋಗಿಬಿಟ್ಟಿತ್ತು.

ಅದೇ ತಿಂಗಳು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಕಂಪನಿಗೆ ನೋಟಿಸ್ ಕೊಟ್ಟು, ದಾರಿ ತಪ್ಪಿಸುವ ಜಾಹೀರಾತು, ಲೇಬಲ್ ತೆಗೆಯಿರಿ ಅಂತ ಹೇಳಿತು. ಕಂಪನಿಯ ಉತ್ತರ ಏನಾಗಿತ್ತು ಅಂದರೆ, ನಮ್ಮದು ಪೋಷಣಾ ತಜ್ಞರು ಕೂತು ಮಾಡಿದ ಪುಡಿ, ಬಳಸಿರೋದೆಲ್ಲ ಕಾನೂನು ಒಪ್ಪಿದ್ದೇ, 20 ಗ್ರಾಂ ಪುಡಿಯಲ್ಲಿ ಮೇಲಿಂದ ಹಾಕಿದ ಸಕ್ಕರೆ 7.5 ಗ್ರಾಂ, ಅಂದರೆ ಒಂದೂವರೆ ಚಮಚ. ಆ ವರ್ಷದ ಕೊನೆಗೆ ಕಂಪನಿ ಮೇಲಿಂದ ಹಾಕುವ ಸಕ್ಕರೆಯನ್ನು ನೂರು ಗ್ರಾಂಗೆ 37.4ರಿಂದ 32.2 ಗ್ರಾಂಗೆ ಇಳಿಸಿತು.

ದೊಡ್ಡ ತಿರುವು ಬಂದಿದ್ದು ಒಂದು ವರ್ಷ ಆದಮೇಲೆ. 2024ರ ಏಪ್ರಿಲ್ 2ರಂದು ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಫ್ಎಸ್ಎಸ್ಎಐ, ಹಾಲಿನ, ಧಾನ್ಯದ, ಮಾಲ್ಟಿನ ಪಾನೀಯ ಪುಡಿಗಳನ್ನು ‘ಹೆಲ್ತ್ ಡ್ರಿಂಕ್’ ಅಥವಾ ‘ಎನರ್ಜಿ ಡ್ರಿಂಕ್’ ವಿಭಾಗದಲ್ಲಿ ಇಟ್ಟು ಮಾರಬೇಡಿ ಅಂತ ಆನ್‌ಲೈನ್ ಅಂಗಡಿಗಳಿಗೆ ತಿಳಿಸಿತು. ಕಾರಣ ಸರಳ. 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಾಗಲಿ, ಅದರ ನಿಯಮಗಳಲ್ಲಾಗಲಿ ಹೆಲ್ತ್ ಡ್ರಿಂಕ್ ಅಂತ ಒಂದು ವರ್ಗವೇ ಇಲ್ಲ. ವಾರ ಕಳೆದು, 10ನೇ ತಾರೀಕು ವಾಣಿಜ್ಯ ಸಚಿವಾಲಯವೂ ಬೋರ್ನ್‌ವಿಟಾದ ಹೆಸರು ಹೇಳಿಯೇ ಅದೇ ಮಾತು ಹೇಳಿತು. ತಿಂಗಳ ಕೊನೆಗೆ ಹಾರ್ಲಿಕ್ಸ್, ಬೂಸ್ಟ್ ಮಾಡುವ ಹಿಂದೂಸ್ತಾನ್ ಯೂನಿಲಿವರ್ ತನ್ನ ಆ ವಿಭಾಗದ ಹೆಸರನ್ನು ‘ಫಂಕ್ಷನಲ್ ನ್ಯೂಟ್ರಿಷನಲ್ ಡ್ರಿಂಕ್ಸ್’ ಅಂತ ಬದಲಿಸಿತು.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ನಾವು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದ ‘ಹೆಲ್ತ್ ಡ್ರಿಂಕ್’ ಅನ್ನೋ ಹೆಸರಿಗೆ ಕಾನೂನಿನ ಬಲ ಇರಲೇ ಇಲ್ಲ. ಯಾವ ಸಂಸ್ಥೆಯೂ ಪುಡಿ ಪರೀಕ್ಷೆ ಮಾಡಿ, ಇದು ಆರೋಗ್ಯಕ್ಕೆ ಒಳ್ಳೇದು ಅಂತ ಆ ಪಟ್ಟ ಕೊಟ್ಟಿರಲಿಲ್ಲ. ಮಾರುವವರು ಇಟ್ಟರು, ಅಂಗಡಿಯವರು ಅದೇ ಹೆಸರಿನ ಶೆಲ್ಫ್‌ನಲ್ಲಿ ಜೋಡಿಸಿದರು, ನಾವು ನಂಬಿದೆವು. ಆಸ್ಪತ್ರೆಗೆ ಯಾರನ್ನಾದರೂ ನೋಡೋಕೆ ಹೋಗುವಾಗ ಮೋಸಂಬಿ, ಬ್ರೆಡ್ಡಿನ ಜೊತೆ ಹಾರ್ಲಿಕ್ಸ್ ಬಾಟಲ್ ಹಿಡಿದು ಹೋಗುವ ಪದ್ಧತಿ ನಮ್ಮಲ್ಲಿ ಎಷ್ಟು ಗಟ್ಟಿಯಾಗಿದೆ ನೋಡಿ. ಬಾಣಂತಿಗೂ ಅದೇ, ವಯಸ್ಸಾದವರಿಗೂ ಅದೇ. ಅದೇ ಹಾರ್ಲಿಕ್ಸ್ ಬ್ರಿಟನ್ನಿನಲ್ಲಿ ರಾತ್ರಿ ಮಲಗುವ ಮುಂಚೆ ಕುಡಿಯುವ ಬಿಸಿ ಪಾನೀಯ, ನಿದ್ದೆ ಬರಲಿ ಅಂತ. ನಮ್ಮಲ್ಲಿ ಮಕ್ಕಳು ಎತ್ತರ, ಬಲ, ಚುರುಕು ಆಗಲಿ ಅಂತ ಮಾರಿದರು. ಆ ಥರದ ಒಂದು ಜಾಹೀರಾತು 2008ರಲ್ಲಿ ಬ್ರಿಟನ್ನಿನ ಟಿವಿಯಲ್ಲಿ ಬಂದಾಗ ಅಲ್ಲಿನ ಜಾಹೀರಾತು ಪ್ರಾಧಿಕಾರ ಅದನ್ನು ತಡೆಯಿತು.

ಹೆಸರು ಬದಲಾಯಿತು. ಆ ಬದಲಾವಣೆಯಿಂದ ಡಬ್ಬಿಯ ಒಳಗಿನ ಪುಡಿಯೇನೂ ಬೇರೆ ಆಗಲಿಲ್ಲ. ಹಾಗಾದರೆ ಒಳಗೆ ಇರೋದು ಏನು ಅಂತ ತಿಳಿಯೋದು ಹೇಗೆ?

ಹಿಂಭಾಗದಲ್ಲಿ ಬರೆದದ್ದು

ಪ್ಯಾಕೆಟ್ ತಿರುಗಿಸಿ. ‘ಇನ್‌ಗ್ರೀಡಿಯಂಟ್ಸ್’ ಅಂತ ಚಿಕ್ಕ ಅಕ್ಷರದಲ್ಲಿ ಒಂದು ಪಟ್ಟಿ ಇರುತ್ತೆ. ನಿಯಮದ ಪ್ರಕಾರ ತೂಕದಲ್ಲಿ ಯಾವುದು ಜಾಸ್ತಿಯೋ ಅದನ್ನು ಮೊದಲು ಬರೆಯಬೇಕು, ಆಮೇಲೆ ಅದಕ್ಕಿಂತ ಕಡಿಮೆ ಇರೋದು, ಹೀಗೆ ಇಳಿಯುತ್ತಾ ಹೋಗಬೇಕು. ಪ್ಯಾಕೆಟ್ಟಿನ ಮುಂದೆ ಬಾದಾಮಿ ಚಿತ್ರ ಎಷ್ಟೇ ದೊಡ್ಡದಿರಲಿ, ಪಟ್ಟಿಯಲ್ಲಿ ಬಾದಾಮಿ ಉಪ್ಪಿನ ಪಕ್ಕ ಕೂತಿದ್ದರೆ ಅದು ಇರೋದು ಚಿಟಿಕೆಯಷ್ಟೇ.

ಈ ಪ್ರಕರಣದ ಪುಡಿಯ ಪಟ್ಟಿಯಲ್ಲಿ ಮೊದಲು ಬರೋದು ಧಾನ್ಯದ ಸಾರ, ಅಂದರೆ ಬಾರ್ಲಿ ಮತ್ತು ಗೋಧಿಯಿಂದ ತೆಗೆದದ್ದು. ಎರಡನೆಯದು ಸಕ್ಕರೆ. ಆಮೇಲೆ ಕೋಕೋ, ಹಾಲಿನ ಪುಡಿ, ಲಿಕ್ವಿಡ್ ಗ್ಲೂಕೋಸ್, ಎಮಲ್ಸಿಫೈಯರ್ (ಕೊಬ್ಬು, ನೀರು ಬೆರೆತು ನಿಲ್ಲುವಂತೆ ಮಾಡುವ ಪದಾರ್ಥ), ಬಣ್ಣ, ವಿಟಮಿನ್‌ಗಳು. ಧಾನ್ಯನೇ ಮೊದಲು ಇದೆಯಲ್ಲ, ಒಳ್ಳೇದೇ ಅಲ್ವಾ ಅನಿಸುತ್ತೆ. ಆ ‘ಸಾರ’ ಏನು ಅಂತ ಮುಂದೆ ಹೇಳುತ್ತೇನೆ. ಅದಕ್ಕೆ ಮುಂಚೆ ಸಕ್ಕರೆಯ ಎರಡು ಲೆಕ್ಕ ಬಿಡಿಸಿಕೊಳ್ಳಬೇಕು, ಏಕೆಂದರೆ ಇಡೀ ಜಗಳ ನಡೆದಿದ್ದು ಅದರ ಮೇಲೆ.

ವಿಡಿಯೊ ಮಾಡಿದವರು ಸುಮಾರು 50 ಗ್ರಾಂ ಅಂದರು. ಕಂಪನಿ 37.4 ಅಂತ ಲೆಕ್ಕ ಕೊಟ್ಟಿತು. ಯಾರು ಸುಳ್ಳು ಹೇಳಿದರು? ಇಬ್ಬರೂ ಇಲ್ಲ. ಲೇಬಲ್ ಮೇಲೆ ಎರಡು ಸಾಲು ಇರುತ್ತೆ: ಒಟ್ಟು ಸಕ್ಕರೆ, ಮತ್ತು ಮೇಲಿಂದ ಸೇರಿಸಿದ ಸಕ್ಕರೆ. ಹಾಲಿನ ಪುಡಿಯಲ್ಲಿ ಲ್ಯಾಕ್ಟೋಸ್ ಇದೆ, ಮಾಲ್ಟಿನಲ್ಲಿ ಮಾಲ್ಟೋಸ್ ಇದೆ. ಅವೆಲ್ಲ ಒಟ್ಟು ಸಕ್ಕರೆಯಲ್ಲಿ ಬರುತ್ತವೆ, ಸೇರಿಸಿದ್ದರಲ್ಲಿ ಬರಲ್ಲ. ಹಾಲಿನ ಲ್ಯಾಕ್ಟೋಸ್ ಬಗ್ಗೆ ನನಗೂ ಚಿಂತೆ ಇಲ್ಲ. ಆದರೆ ಮಾಲ್ಟೋಸ್ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಕಾಳಿನೊಳಗೆ ಇದ್ದ ಪಿಷ್ಟವನ್ನು ಫ್ಯಾಕ್ಟರಿಯಲ್ಲಿ ಸಕ್ಕರೆ ಮಾಡಿ, ಸೋಸಿ, ಪಾಕ ಕಾಯಿಸಿ ಒಣಗಿಸಿದ ಮೇಲೆ ಅದನ್ನು ‘ಧಾನ್ಯ’ ಅಂತ ಎಣಿಸೋಕೆ ನನಗೆ ಮನಸ್ಸು ಬರಲ್ಲ.

ಇನ್ನು ಆ ಬಣ್ಣದ ವಿಷಯ. ಅದು ಐಎನ್ಎಸ್ 150ಸಿ, ಕ್ಯಾರಮೆಲ್ ಬಣ್ಣ. ಐಎನ್ಎಸ್ ಅಂದರೆ ಆಹಾರಕ್ಕೆ ಸೇರಿಸುವ ಬಣ್ಣ ಮುಂತಾದವಕ್ಕೆ ಕೊಟ್ಟಿರುವ ಅಂತರರಾಷ್ಟ್ರೀಯ ನಂಬರ್. ನಿಯಮ ಒಪ್ಪಿದ ಮಿತಿಯಲ್ಲೇ ಇದೆ ಅಂತ ಕಂಪನಿ ಹೇಳಿತು. ಕ್ಯಾನ್ಸರ್ ಮಾತು ಎತ್ತಿದ್ದರಿಂದ ನಷ್ಟವೇ ಆಯಿತು ಅಂತ ನಾನು ಅಂದುಕೊಳ್ಳುತ್ತೇನೆ. ಎಲ್ಲರ ಕಣ್ಣೂ ಬಣ್ಣದ ಮೇಲೆ ಹೋಯಿತು, ಕಂಪನಿಗೂ ‘ಇದು ವಿಜ್ಞಾನಕ್ಕೆ ವಿರುದ್ಧ’ ಅಂತ ಹೇಳೋಕೆ ದಾರಿ ಸಿಕ್ಕಿತು, ಚಮಚಗಟ್ಟಲೆ ಇರುವ ಸಕ್ಕರೆ ಹಿಂದೆ ಸರಿಯಿತು. ನಂಬರ್ ಕಂಡ ಕೂಡಲೇ ಹೆದರಬೇಕಾಗಿಲ್ಲ. ಐಎನ್ಎಸ್ 500 ಅಂತ ಬರೆದಿದ್ದರ ಬ್ರಾಕೆಟ್ಟಿನಲ್ಲಿ ಎರಡು ಅಂತ ಇದ್ದರೆ ಅದು ನಮ್ಮ ಅಡುಗೆ ಸೋಡಾನೇ. 322 ಅಂದರೆ ಲೆಸಿಥಿನ್, ಸಾಮಾನ್ಯವಾಗಿ ಸೋಯಾದಿಂದ ತೆಗೆಯುತ್ತಾರೆ. ಇವು ವಿಷ ಅಂತ ಅಲ್ಲ. ಆದರೆ ಇಂಥವು ನಾಲ್ಕೈದು ಸೇರಿ ನಿಂತಿದ್ದರೆ ಒಂದು ವಿಷಯ ಗೊತ್ತಾಗುತ್ತೆ: ಇದು ಅಡುಗೆಮನೆಯಲ್ಲಿ ಮಾಡೋಕೆ ಆಗುವ ಪದಾರ್ಥ ಅಲ್ಲ.

ಬಾರ್ಲಿಗೂ ರಾಗಿಗೂ ಮೊಳಕೆ ಒಂದೇ

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಇದು. ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಕಾಳು, ನಮಗೆ ಹೊಸದೇನಲ್ಲ. ಹಳೇ ಮೈಸೂರಿನ ಕಡೆ ಮಗುವಿಗೆ ರಾಗಿ ಸರಿ ಮಾಡುವವರು ರಾಗಿಯನ್ನು ತೊಳೆದು, ರಾತ್ರಿ ಪೂರ್ತಿ ನೆನೆಸಿ, ಬೆಳಗ್ಗೆ ನೀರು ಬಸಿದು ಬಿಳಿ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿಡುತ್ತಾರೆ. ಮಧ್ಯೆ ಮಧ್ಯೆ ನೀರು ಚಿಮುಕಿಸಬೇಕು. ಒಂದೆರಡು ದಿನಕ್ಕೆ ಬಟ್ಟೆಯ ಎಳೆಗಳ ನಡುವೆ ಬಿಳಿ ಮೊಳಕೆ ಹೊರಗೆ ಬರುತ್ತೆ, ಬಿಡಿಸೋಕೆ ಹೋದರೆ ಕಾಳು ಬಟ್ಟೆಗೇ ಅಂಟಿಕೊಂಡಿರುತ್ತೆ. ಅದನ್ನು ನೆರಳಲ್ಲಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಮೊಳಕೆ ಉದುರಿಸಿ, ಸಣ್ಣ ಉರಿಯಲ್ಲಿ ಘಮ್ ಅನ್ನೋವರೆಗೆ ಹುರಿದು ಮಿಲ್ಲಿಗೆ ಕೊಡುತ್ತಾರೆ. ಎಳೇ ಮಗುವಿಗೆ ಅಂದರೆ ತೆಳು ಬಟ್ಟೆಯಲ್ಲಿ ಜರಡಿ ಹಿಡಿಯುತ್ತಾರೆ, ದೊಡ್ಡವರಿಗೆ ಹಾಗೇ ಇಡುತ್ತಾರೆ.

ಮೊಳಕೆ ಬಂದಾಗ ಕಾಳಿನೊಳಗೆ ಕಿಣ್ವಗಳು ಎದ್ದು ಪಿಷ್ಟವನ್ನು ಸ್ವಲ್ಪ ಸ್ವಲ್ಪ ಒಡೆಯುತ್ತವೆ. ಅದಕ್ಕೇ ಮೊಳಕೆ ರಾಗಿಯ ಗಂಜಿ ಗಂಟಾಗದೆ ತೆಳ್ಳಗೆ ಇರುತ್ತೆ, ಸಕ್ಕರೆ ಹಾಕದಿದ್ದರೂ ನಾಲಿಗೆಗೆ ಒಂಚೂರು ಸಿಹಿ ಹತ್ತುತ್ತೆ.

ಫ್ಯಾಕ್ಟರಿಯಲ್ಲೂ ಬಾರ್ಲಿಗೆ ಮಾಡೋದು ಇದೇ: ನೆನೆಸೋದು, ಮೊಳಕೆ ಬರಿಸೋದು, ಒಣಗಿಸೋದು. ದಾರಿ ಬೇರೆ ಆಗೋದು ಅಲ್ಲಿಂದ ಮುಂದೆ. ಆ ಬಾರ್ಲಿಯನ್ನು ನುಚ್ಚು ಮಾಡಿ, ಗೋಧಿ ಹಿಟ್ಟಿನ ಜೊತೆ ಬಿಸಿನೀರಲ್ಲಿ ಕಲಸಿ ಇಡುತ್ತಾರೆ. ಕಿಣ್ವಗಳು ಬಹುಪಾಲು ಪಿಷ್ಟವನ್ನು ಸಿಹಿ ಮಾಡುತ್ತವೆ. ಆಮೇಲೆ ಸೋಸುತ್ತಾರೆ. ನಾರು, ಸಿಪ್ಪೆ ಎಲ್ಲ ಜರಡಿಯ ಮೇಲೆ ಉಳಿಯುತ್ತೆ, ಸಾಮಾನ್ಯವಾಗಿ ಅದು ದನದ ಮೇವಿಗೆ ಹೋಗುತ್ತೆ. ಕೆಳಗೆ ಇಳಿದ ಸಿಹಿ ನೀರನ್ನು ಕಾಯಿಸಿ ಪಾಕ ಮಾಡಿ, ಸಕ್ಕರೆ, ಕೋಕೋ, ಹಾಲಿನ ಪುಡಿ ಬೆರೆಸಿ, ಗಾಳಿ ಎಳೆದ ಪಾತ್ರೆಯಲ್ಲಿ ಉಬ್ಬಿಸಿ ಒಣಗಿಸಿ ಪುಡಿ ಮಾಡುತ್ತಾರೆ. ಲೇಬಲ್ಲಿನ ‘ಧಾನ್ಯದ ಸಾರ’ ಅಂದರೆ ಇದು. ಕಾಳು ದನಕ್ಕೆ ಹೋಯಿತು, ಅದರ ಸಿಹಿ ಡಬ್ಬಿಗೆ ಬಂತು.

ರಾಗಿಯಲ್ಲಿ ಹಾಗಲ್ಲ, ಜರಡಿ ಹಿಡಿಯದಿದ್ದರೆ ಇಡೀ ಕಾಳು ಹಿಟ್ಟಿನಲ್ಲೇ ಇರುತ್ತೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದ ಪ್ರಕಾರ ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, 364 ಮಿಲಿಗ್ರಾಂ ಕ್ಯಾಲ್ಸಿಯಂ.

ಬ್ರೆಜಿಲ್‌ನ ಸಾವೊ ಪಾಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮೊಂಟೇರೊ ಮತ್ತು ಜೊತೆಗಾರರು 2009ರ ಹೊತ್ತಿಗೆ ಆಹಾರವನ್ನು ವಿಂಗಡಿಸುವ ನೋವಾ ಅನ್ನೋ ಪದ್ಧತಿ ಶುರು ಮಾಡಿದ್ದು ಇದನ್ನೇ ಹಿಡಿದು. ಎಷ್ಟು ಕೊಬ್ಬು, ಎಷ್ಟು ಸಕ್ಕರೆ ಅಂತ ಮಾತ್ರ ನೋಡಬೇಡಿ, ಕಾಳಿಗೆ, ಹಣ್ಣಿಗೆ ಏನು ಮಾಡಿದ್ದಾರೆ ನೋಡಿ ಅಂದರು. ಈಗ ಅದರಲ್ಲಿ ನಾಲ್ಕು ಗುಂಪು. ಹಾಗೇ ಇರುವ ಅಥವಾ ಒಣಗಿಸಿ, ಬೀಸಿ, ಕಾಯಿಸಿದ ಪದಾರ್ಥಗಳು ಮೊದಲನೆಯದು. ಎಣ್ಣೆ, ಬೆಲ್ಲ, ಉಪ್ಪು, ತುಪ್ಪ ಎರಡನೆಯದು. ಇವೆರಡೂ ಸೇರಿಸಿ ಮಾಡಿದ ಉಪ್ಪಿನಕಾಯಿ, ಪನೀರ್ ಥರದವು ಮೂರನೆಯದು. ಪದಾರ್ಥವನ್ನು ಒಡೆದು, ಸಾರ ತೆಗೆದು, ಬಣ್ಣ ವಾಸನೆ ಕೊಟ್ಟು ಮತ್ತೆ ಜೋಡಿಸಿದ್ದು ನಾಲ್ಕನೆಯದು, ಅದನ್ನೇ ಅಲ್ಟ್ರಾ ಪ್ರೊಸೆಸ್ಡ್ ಅನ್ನೋದು. ಮೊಳಕೆ ರಾಗಿ ಹಿಟ್ಟು ಒಂದರಲ್ಲಿ. ಮಾಲ್ಟ್ ಪುಡಿ ನಾಲ್ಕರಲ್ಲಿ.

ಇಲ್ಲಿ ಜನ ಮಾಡುವ ಎರಡು ತಪ್ಪು ಹೇಳಲೇಬೇಕು. ಪ್ಯಾಕೆಟ್ಟಿನಲ್ಲಿ ಬಂದದ್ದೆಲ್ಲ ಕೆಟ್ಟದ್ದು ಅಂತ ತಿಳಿಯೋದು ಒಂದು. ನಂದಿನಿ ಹಾಲಿನ ಪ್ಯಾಕೆಟ್, ತೊಗರಿಬೇಳೆ, ಅವಲಕ್ಕಿ, ಹುರಿಗಡಲೆ, ಚಿರೋಟಿ ರವೆ, ಇವೆಲ್ಲ ಪ್ಯಾಕೆಟ್ಟಲ್ಲಿ ಬಂದರೂ ಸಾದಾ ಆಹಾರವೇ. ಎರಡನೆಯದು, ಮನೇಲಿ ಮಾಡಿದ್ದೆಲ್ಲ ಒಳ್ಳೇದು ಅನ್ನೋದು. ಮನೇಲೇ ಮಾಡಿದ ಮೈಸೂರು ಪಾಕ್ ಅಲ್ಟ್ರಾ ಪ್ರೊಸೆಸ್ಡ್ ಅಲ್ಲ, ಸರಿ. ಆದರೆ ಅದು ತುಪ್ಪ, ಸಕ್ಕರೆನೇ, ಹಬ್ಬಕ್ಕೆ ಇರಲಿ.

ಒಂದು ಲೋಟ ಹಾಲಿನಲ್ಲಿ ಎಷ್ಟಾಗುತ್ತೆ

4ರಿಂದ 6 ವರ್ಷದ ಮಗುವಿಗೆ ದಿನಕ್ಕೆ ಬೇಕಾದ ಶಕ್ತಿ ನಮ್ಮ ದೇಶದ ಲೆಕ್ಕದಲ್ಲಿ ಸುಮಾರು 1360 ಕ್ಯಾಲರಿ. ಹೆಚ್ಚುವರಿ ಸಕ್ಕರೆ ಅದರ ನೂರಕ್ಕೆ 10ರ ಒಳಗೆ ಇರಬೇಕು, 5ರ ಒಳಗಿದ್ದರೆ ಇನ್ನೂ ಒಳ್ಳೇದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಐದರ ಲೆಕ್ಕ ಹಿಡಿದರೆ 17 ಗ್ರಾಂ. ಸಕ್ಕರೆ ಇಳಿಸಿದ ಮೇಲಿನ ಪುಡಿಯಲ್ಲೂ 20 ಗ್ರಾಂಗೆ 6.4 ಗ್ರಾಂ ಬರುತ್ತೆ. ಬೆಳಗ್ಗೆ ಒಂದು ಲೋಟ, ಸಂಜೆ ಒಂದು ಲೋಟ ಅಂದರೆ 13 ಗ್ರಾಂ. ಬಿಸ್ಕತ್ತು, ಜಾಮ್, ಕೆಚಪ್ ಯಾವುದೂ ಇನ್ನೂ ಬಂದಿಲ್ಲ. ಎಷ್ಟೋ ಮನೆಗಳಲ್ಲಿ ಇದರ ಮೇಲೆ ಇನ್ನೊಂದು ಚಮಚ ಸಕ್ಕರೆ ಬೇರೆ ಹಾಕುತ್ತಾರೆ. ಚಮಚ ತಲೆತಟ್ಟಿ ತೆಗೆಯುವವರು ಯಾರು, ರಾಶಿ ಮಾಡಿಯೇ ಹಾಕೋದು, ಹಾಗಾಗಿ 20 ಗ್ರಾಂ ಅನ್ನೋದು ಲೇಬಲ್ಲಿನ ಮಾತು ಅಷ್ಟೇ.

ಕಂಪನಿಗಳ ಪರವಾಗಿ ಒಂದು ಮಾತು ನ್ಯಾಯವಾಗಿಯೇ ಇದೆ. ವಿಟಮಿನ್ ಡಿ, ಕಬ್ಬಿಣ, ಬಿ12 ಸೇರಿಸಿರುತ್ತಾರೆ, ನಮ್ಮ ಮಕ್ಕಳಲ್ಲಿ ಇವುಗಳ ಕೊರತೆ ಇರೋದೂ ನಿಜ. ಆದರೆ ಕೊರತೆ ಇದ್ದರೆ ವೈದ್ಯರು ಕೊಡುವ ಹನಿ, ಸಿರಪ್ ಇದೆ, ಸಕ್ಕರೆಯ ಜೊತೆ ಕಟ್ಟಿ ಕೊಡಬೇಕಾಗಿಲ್ಲ. ಇನ್ನೊಂದು, ಲೇಬಲ್ಲಿನಲ್ಲಿ ‘ಹಾಲಿನ ಜೊತೆ’ ಅಂತ ಇನ್ನೊಂದು ಕಾಲಂ ಕೊಟ್ಟಿದ್ದರೆ ಅಲ್ಲಿ ಪ್ರೋಟೀನ್, ಕ್ಯಾಲ್ಸಿಯಂ ಚೆನ್ನಾಗಿ ಕಾಣುತ್ತೆ. 200 ಎಂಎಲ್ ಹಾಲಿನಲ್ಲೇ 6 ಗ್ರಾಂ ಪ್ರೋಟೀನ್ ಇದೆ. ಹಾಲು ಮಾಡಿದ ಕೆಲಸದ ಹೆಸರು ಪುಡಿಗೆ ಹೋಗುತ್ತೆ.

‘ಪುಡಿ ಹಾಕದಿದ್ದರೆ ನಮ್ಮ ಮಗು ಹಾಲೇ ಮುಟ್ಟಲ್ಲ’ ಅನ್ನುವ ಅಮ್ಮಂದಿರ ಕಷ್ಟ ನನಗೆ ಅರ್ಥ ಆಗುತ್ತೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಸಕ್ಕರೆ ಒಂದೇ ಕಾರಣ ಅಂತಲೂ ಅಂದುಕೊಳ್ಳಬೇಡಿ. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಜೊತೆಗಾರರ ಒಂದು ಪ್ರಯೋಗದ ಫಲಿತಾಂಶ ಬಂತು. 20 ಜನರನ್ನು ಅಲ್ಲೇ ಇರಿಸಿಕೊಂಡು, ಎರಡು ವಾರ ಅಲ್ಟ್ರಾ ಪ್ರೊಸೆಸ್ಡ್ ಊಟ, ಎರಡು ವಾರ ಸಾದಾ ಊಟ ಕೊಟ್ಟರು. ಬಡಿಸಿದ್ದರಲ್ಲಿ ಕ್ಯಾಲರಿ, ಸಕ್ಕರೆ, ಕೊಬ್ಬು, ಉಪ್ಪು, ನಾರು ಎರಡರಲ್ಲೂ ಸರಿಸಮ. ಬೇಕಾದಷ್ಟು ತಿನ್ನಿ ಅಂದರು. ಅಲ್ಟ್ರಾ ಪ್ರೊಸೆಸ್ಡ್ ಊಟ ಇದ್ದಾಗ ಜನ ದಿನಕ್ಕೆ ಸುಮಾರು 500 ಕ್ಯಾಲರಿ ಜಾಸ್ತಿ ತಿಂದರು, ತೂಕ ಹತ್ತಿರ ಒಂದು ಕಿಲೋ ಏರಿತು. ಸಾದಾ ಊಟದಲ್ಲಿ ಅಷ್ಟೇ ಇಳಿಯಿತು. ಮೆತ್ತಗಿರೋದು, ಅಗಿಯೋಕೆ ಕೆಲಸ ಇಲ್ಲದ್ದು ಬೇಗ ಬೇಗ ಒಳಗೆ ಹೋಗುತ್ತೆ, ಹೊಟ್ಟೆ ತುಂಬಿದ್ದು ಗೊತ್ತಾಗೋಕೆ ಮುಂಚೆನೇ.

ಆಮೇಲೆ ಏನಾಯಿತು

2024ರ ಮೇ ತಿಂಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆ ಭಾರತೀಯರಿಗೆ 17 ಆಹಾರ ಸೂಚನೆಗಳನ್ನು ಹೊರಡಿಸಿದವು. ಅಲ್ಟ್ರಾ ಪ್ರೊಸೆಸ್ಡ್ ತಿನಿಸು ಕಡಿಮೆ ಮಾಡಿ, ಲೇಬಲ್ ಓದಿ ಅಂತ ಅದರಲ್ಲಿ ನೇರವಾಗಿ ಇದೆ. ಜೂನ್‌ನಲ್ಲಿ, ಗಟ್ಟಿ ಮಾಡಿದ ರಸಕ್ಕೆ ನೀರು ಬೆರೆಸಿ ತಯಾರಿಸಿದ ಜ್ಯೂಸ್ ಮೇಲೆ ‘100% ಹಣ್ಣಿನ ರಸ’ ಅಂತ ಬರೆಯಬೇಡಿ ಅಂತ ಎಫ್ಎಸ್ಎಸ್ಎಐ ಹೇಳಿತು. 2025ರ ಅಕ್ಟೋಬರ್‌ನಲ್ಲಿ, ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ, ಸಿಹಿ ಪಾನೀಯಗಳ ಹೆಸರಲ್ಲಿ ‘ಓಆರ್‌ಎಸ್’ (ಭೇದಿಗೆ ಕೊಡುವ ಉಪ್ಪು, ಸಕ್ಕರೆಯ ದ್ರಾವಣ) ಅಂತ ಬಳಸಬಾರದು ಅಂತ ಎಫ್ಎಸ್ಎಸ್ಎಐ ಹೇಳಿತು. ಭೇದಿ ಆದ ಮಗುವಿಗೆ ಔಷಧಿ ಅಂತ ಸಕ್ಕರೆ ನೀರು ಕುಡಿಸುತ್ತಿದ್ದರು, ಯೋಚನೆ ಮಾಡಿ. ಹೆಲ್ತ್ ಡ್ರಿಂಕ್, 100% ರಸ, ಓಆರ್‌ಎಸ್, ಈ ಮೂರರಲ್ಲೂ ಒಂದೇ ಸಮಸ್ಯೆ: ಪ್ಯಾಕೆಟ್ಟಿನ ಮುಂಭಾಗ ಒಂದು ಹೇಳುತ್ತೆ, ಹಿಂಭಾಗ ಇನ್ನೊಂದು ಹೇಳುತ್ತೆ.

ನಮ್ಮ ರಾಜ್ಯದಲ್ಲೂ ಅದೇ ಹೊತ್ತಿಗೆ ಒಂದು ಒಳ್ಳೆ ಕೆಲಸ ಆಯಿತು. 2013ರಿಂದ ನಡೆಯುತ್ತಿರುವ ಕ್ಷೀರಭಾಗ್ಯದ ಹಾಲಿಗೆ 2024ರ ಫೆಬ್ರವರಿಯಿಂದ ಶಾಲೆಗಳಲ್ಲಿ ವಾರಕ್ಕೆ ಮೂರು ದಿನ ರಾಗಿ ಮಾಲ್ಟ್ ಬೆರೆಸಿ ಕೊಡೋಕೆ ಶುರು ಮಾಡಿದರು. ಆದರೆ ಅಂಗಡಿಯಲ್ಲಿ ‘ರಾಗಿ ಮಾಲ್ಟ್’ ಅಂತ ಕಂಡ ಕೂಡಲೇ ಬುಟ್ಟಿಗೆ ಹಾಕಬೇಡಿ. ಸಕ್ಕರೆಯೋ ಬೆಲ್ಲವೋ ಮೊದಲು ಇದ್ದು ರಾಗಿ ಆಮೇಲೆ ಬರುವ ಪ್ಯಾಕೆಟ್‌ಗಳೂ ಇವೆ. ಬೆಲ್ಲ ಅಂದ ಮಾತ್ರಕ್ಕೆ ಮೈಗೆ ಬೇರೆ ಆಗಲ್ಲ. ರಾಗಿ ಬಿಸ್ಕತ್ತೂ ಹಾಗೇ, ಪಟ್ಟಿ ನೋಡಿದರೆ ಎಷ್ಟೋ ಸಲ ಮೊದಲು ಮೈದಾ, ಸಕ್ಕರೆ, ಪಾಮ್ ಎಣ್ಣೆ ಇರುತ್ತೆ.

ಮನೆಯಲ್ಲಿ ಈಗಾಗಲೇ ಡಬ್ಬಿ ಇದ್ದರೆ ಎಸೆಯಬೇಡಿ. ಇವತ್ತೇ ನಿಲ್ಲಿಸಿದರೆ ಮಗು ಹಠ ಮಾಡುತ್ತೆ, ಅಜ್ಜಿ ಮಗುವಿನ ಪರ ನಿಲ್ಲುತ್ತಾರೆ. ಮೊದಲು ಮೇಲಿಂದ ಹಾಕುವ ಸಕ್ಕರೆ ಬಿಡಿ. ಆಮೇಲೆ ಪುಡಿಯನ್ನು ಎರಡು ಚಮಚದಿಂದ ಒಂದೂವರೆಗೆ, ಒಂದು ವಾರ ಬಿಟ್ಟು ಒಂದಕ್ಕೆ, ಅರ್ಧಕ್ಕೆ ಇಳಿಸಿ. ಅರ್ಧಕ್ಕೆ ಬಂದಾಗ ಹಾಲಿಗೆ ಮೊಳಕೆ ರಾಗಿ ಹಿಟ್ಟು ಒಂದು ಚಮಚ ತಣ್ಣಗೆ ಕದಡಿ ಕಾಯಿಸಿ, ಒಂದು ಏಲಕ್ಕಿ ಜಜ್ಜಿ ಹಾಕಿ. ಕೋಕೋ ರುಚಿಯೇ ಬೇಕು ಅಂದರೆ ಸಕ್ಕರೆ ಇಲ್ಲದ ಬರೀ ಕೋಕೋ ಪುಡಿ ಸಿಗುತ್ತೆ, ಕಾಲು ಚಮಚ ಸಾಕು. ಹಾಲೇ ಬೇಡ ಅನ್ನುವ ಮಗುವಿಗೆ ಮೊಸರನ್ನ ಕೊಡಿ, ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿ ಕೊಡಿ. ಲೋಟದಲ್ಲೇ ಕುಡಿಯಬೇಕು ಅಂತ ಏನೂ ಇಲ್ಲ. ಎರಡು ವರ್ಷದ ಒಳಗಿನ ಮಗು ಇದ್ದರೆ ಮಾತ್ರ ಇಳಿಸುವ ಲೆಕ್ಕ ಬೇಡ, ಆ ವಯಸ್ಸಿಗೆ ಸೇರಿಸಿದ ಸಕ್ಕರೆ ಒಂದು ಚೂರೂ ಕೊಡಬಾರದು.